ಹೊಲದ ನಂಬರು, ಹೆಳವರ ಹೊತ್ತಿಗೆ: ತಾರಿಹಾಳದ ಒಕ್ಕಲು ಮನೆತನಗಳ ಮೂಲಶೋಧ

ಧಾರವಾಡ ಸೀಮೆಯ ಒಕ್ಕಲು ಮನೆತನವೊಂದರ ಹಿರಿಯರನ್ನು ಹುಡುಕಹೊರಟವರಿಗೆ ಎರಡು ಬಗೆಯ ಬರಹಗಳು ಎದುರಾಗುತ್ತವೆ. ಒಂದು, ಕಂದಾಯ ವಸೂಲಿಗಾಗಿ ಸರ್ಕಾರ ಬರೆಸಿದ ಭೂದಾಖಲೆ. ಇನ್ನೊಂದು, ಮನೆತನದ ಮುಂದೆ ಓದಿ ಹೇಳುವುದಕ್ಕಾಗಿ ಹೆಳವರು ಬರೆದಿಟ್ಟುಕೊಂಡ ವಂಶಾವಳಿ. ಮೊದಲನೆಯದು ಹೊಲದ ಅಳತೆ, ಆಕಾರ (ಅಂದರೆ ಕಂದಾಯ), ಇಸವಿಗಳನ್ನು ಚೊಕ್ಕವಾಗಿ ಹೇಳುತ್ತದೆಯಾದರೂ ಖಾತೆದಾರನ ಅಜ್ಜ ಯಾರೆಂಬ ಗೋಜಿಗೆ ಹೋಗುವುದಿಲ್ಲ. ಎರಡನೆಯದು ಅಜ್ಜ ಮುತ್ತಜ್ಜರ ಹೆಸರುಗಳನ್ನು ಸಾಲಾಗಿ ಹೇಳುತ್ತದೆಯಾದರೂ ಅವರು ಬಾಳಿದ ಕಾಲವನ್ನು ಅಪರೂಪಕ್ಕೆ ಮಾತ್ರ ಹೇಳುತ್ತದೆ. ಇವೆರಡೂ ಒಂದೇ ವ್ಯಕ್ತಿಯ ಮೇಲೆ ಕೂಡುವ ಬಿಂದು ಸಿಕ್ಕಿದಾಗ ಮಾತ್ರ ಹಿರಿಯನೊಬ್ಬ ಇತಿಹಾಸದ ಬೆಳಕಿಗೆ ಬರುತ್ತಾನೆ. ಹುಬ್ಬಳ್ಳಿ ತಾಲೂಕಿನ ತಾರಿಹಾಳದಂಥ ಊರಿನಲ್ಲಿ, ಅಂದರೆ ಹೊಲಗಳ ಒಂದು ಪಾಲು ಕೈಗಾರಿಕಾ ಪ್ರದೇಶವಾಗಿ ಮಾರ್ಪಟ್ಟು, ಹುಬ್ಬಳ್ಳಿ–ಧಾರವಾಡದ ಬೈಪಾಸ್ ರಸ್ತೆಗೆ ಹತ್ತಿಕೊಂಡಿರುವ ಊರಿನಲ್ಲಿ, ಈ ಕೂಡುಬಿಂದುವನ್ನು ಹುಡುಕುವ ಕೆಲಸ ಇತಿಹಾಸಾಸಕ್ತರ ಹವ್ಯಾಸವಾಗಿ ಉಳಿಯದೆ ಆಸ್ತಿಯ ಹಕ್ಕಿಗೂ ಸಂಬಂಧಿಸಿದ್ದಾಗಿದೆ.

ಈ ಸೀಮೆಯ ಭೂದಾಖಲೆಗಳ ಸ್ವರೂಪ ತಿಳಿಯಬೇಕಾದರೆ ಅದರ ಆಳರಸರ ಬದಲಾವಣೆಗಳನ್ನು ಗಮನದಲ್ಲಿಡಬೇಕಾಗುತ್ತದೆ. ವಿಜಯನಗರ, ಬಿಜಾಪುರ, ಸವಣೂರಿನ ನವಾಬರು, ಪೇಶ್ವೆಗಳು, ಹೈದರ್ ಮತ್ತು ಟಿಪ್ಪು, ಮತ್ತೆ ಪೇಶ್ವೆಗಳು ಎಂದು ಕೈಯಿಂದ ಕೈಗೆ ಹೋದ ಈ ನೆಲ 1817–18ರ ಕೊನೆಯ ಮರಾಠಾ ಯುದ್ಧದಲ್ಲಿ ಥಾಮಸ್ ಮನ್ರೋನ ಮೂಲಕ ಕಂಪನಿ ಸರ್ಕಾರಕ್ಕೆ ಸೇರಿತು. ಸಾಂಗ್ಲಿಯ ಪಟವರ್ಧನರ ಕೈಯಲ್ಲಿದ್ದ ಹಳೇ ಹುಬ್ಬಳ್ಳಿ 1820ರಲ್ಲಿ ಬಂದಿತು. ಪ್ರತಿಯೊಂದು ಆಡಳಿತವೂ ತನ್ನ ಲೆಕ್ಕವನ್ನು ಹಿಂದಿನದರ ಮೇಲೆಯೇ ಕಟ್ಟಿದ್ದರಿಂದ ವಿಜಯನಗರ ಕಾಲದ ರಾಯರೇಖೆ, ಅಂದರೆ ಅರಸರು ಗೊತ್ತುಪಡಿಸಿದ ಮೂಲ ಕಂದಾಯದ ದರ, ಶತಮಾನಗಳ ನಂತರವೂ ಲೆಕ್ಕಪತ್ರಗಳಲ್ಲಿ ಹೆಸರಾಗಿ ಉಳಿದಿತ್ತು. ಆ ಕಾಲದ ಹಳ್ಳಿಯ ಲೆಕ್ಕವೆಲ್ಲ ಕುಲಕರ್ಣಿಯ ದಫ್ತರದಲ್ಲಿರುತ್ತಿತ್ತು. ಯಾವ ಒಕ್ಕಲು ಆ ವರ್ಷ ಎಷ್ಟು ನೆಲ ಉತ್ತನೆಂಬುದನ್ನು ತೋರಿಸುವ ಲಾವಣಿ ಪತ್ರಕ, ಊರಿನ ಒಟ್ಟು ಕಂದಾಯವನ್ನು ವರ್ಷವರ್ಷವೂ ಕಟ್ಟುವ ಜಮಾಬಂದಿ, ಪಾಳುಬಿದ್ದ ನೆಲವನ್ನು ಕಡಿಮೆ ದರಕ್ಕೆ ಕೊಟ್ಟು ಕ್ರಮೇಣ ಏರಿಸುವ ಕರಾರಾದ ಕೌಲು, ಮೊದಲಾದವೆಲ್ಲ ಮೋಡಿ ಅಕ್ಷರಗಳಲ್ಲಿ, ಲೇಖನಿಯನ್ನು ಎತ್ತದೆ ಬರೆದ ಓಟದ ಬರವಣಿಗೆಯಲ್ಲಿವೆ. ಹೀಗಾಗಿ 1840ರ ದಶಕಕ್ಕಿಂತ ಹಿಂದೆ ಹೋಗಬೇಕೆನ್ನುವವರು ಮೊದಲು ಮೋಡಿಯನ್ನು ಓದಲು ಕಲಿಯಬೇಕು, ಇಲ್ಲವೆ ಬಲ್ಲವರನ್ನು ಹಿಡಿಯಬೇಕು.

ಹಳೆಯ ಕಾಗದದಲ್ಲಿ ಹೆಸರಿಗಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಕಾಲಗಣನೆ. ಕಂದಾಯದ ವರ್ಷವಾದ ಫಸಲಿ ಮೃಗಶಿರ ಮಳೆಯ ಹೊತ್ತಿಗೆ, ಜೂನ್ ತಿಂಗಳಲ್ಲಿ ಆರಂಭವಾಗುತ್ತಿದ್ದುದರಿಂದ ಇಸವಿ ತಿಳಿಯಲು ಅದಕ್ಕೆ ವರ್ಷದ ಮೊದಲ ಭಾಗದಲ್ಲಾದರೆ 590ನ್ನೂ ಜನವರಿಯ ನಂತರವಾದರೆ 591ನ್ನೂ ಕೂಡಿಸಬೇಕು. ಮರಾಠಿ ದಫ್ತರಗಳ ಅರಬ್ಬಿ ‘ಶುಹೂರ್’ ಸನ್ನಿಗೆ 599 ಅಥವಾ 600, ಶಾಲಿವಾಹನ ಶಕೆಗೆ 78 ಅಥವಾ 79 ಕೂಡಿಸಬೇಕು. ಬರಿಯ ಸಂವತ್ಸರದ ಹೆಸರಷ್ಟೇ ಇದ್ದರೆ ಅದು 60 ವರ್ಷಗಳಿಗೊಮ್ಮೆ ಮರಳುವುದರಿಂದ ಈಶ್ವರ ಸಂವತ್ಸರವೆಂದರೆ ಕಂಪನಿ ಸರ್ಕಾರ ಕಾಲಿಟ್ಟ 1817–18 ಆಗಬಹುದು, ಮಹಾಬರಗಾಲದ 1877–78 ಕೂಡ ಆಗಬಹುದು. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಾಡಿನಲ್ಲಿ 60 ವರ್ಷಗಳ ತಪ್ಪೆಂದರೆ ಅಜ್ಜನ ಬದಲು ಮೊಮ್ಮಗನನ್ನು ಹಿಡಿದಂತೆಯೇ ಸರಿ.

ಹುಬ್ಬಳ್ಳಿ ತಾಲೂಕಿನ ಒಕ್ಕಲುಗಳ ಪಾಲಿಗೆ ನಿಜವಾದ ತಿರುವು ಬಂದದ್ದು 1843–44ರ ಸುಮಾರಿಗೆ, ಜಾರ್ಜ್ ವಿಂಗೇಟ್ ಎಂಬ ಸೇನಾ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ಮುಂಬಯಿ ಸರ್ಕಾರದ ಕಂದಾಯ ಮೋಜಣಿ ಇಲ್ಲಿ ಜಾರಿಗೆ ಬಂದಾಗ. ಪುಣೆ ಸೀಮೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದ ಕೊನೆಗೆ ಕೈಗೊಂಡ ಅಳತೆ ಸೋತ ಮೇಲೆ, 1835ರಿಂದ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಪದ್ಧತಿಯೇ ದಕ್ಷಿಣ ಮರಾಠಾ ಸೀಮೆಗೂ ಬಂದಿತು. ಅದರ ನಿಯಮಗಳು 1847ರ ಜಂಟಿ ವರದಿಯಲ್ಲಿ ಕ್ರೋಡೀಕೃತವಾದವು. ಊರಿನ ನೆಲವನ್ನೆಲ್ಲ ಒಂದು ಜೋಡಿ ಎತ್ತು ಉಳಬಲ್ಲಷ್ಟರ ಅಂದಾಜಿನಲ್ಲಿ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಸರ್ವೆ ನಂಬರು ಕೊಟ್ಟು, ಮೂಲೆಗಳಿಗೆ ಬಾಂದುಗಲ್ಲು ನೆಟ್ಟು, 33 ಅಡಿಯ ಸರಪಳಿಯಿಂದ ಅಳೆದರು. ಸರಪಳಿಯ ಉದ್ದದ ಚೌಕವೇ ಗುಂಟೆ, 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಲ್ಲಿಯವರೆಗೆ ಒಕ್ಕಲಿಗನಿಗೆ ನೆಲದ ಅಳತೆಯೆಂದರೆ ಕೂರಿಗೆ, ಅಂದರೆ ಬಿತ್ತುವ ಕೂರಿಗೆಯಿಂದ ಒಂದು ದಿನಕ್ಕೆ ಬಿತ್ತಬಹುದಾದಷ್ಟು ನೆಲ. ಅದು ಮಣ್ಣಿಗೂ ಎತ್ತಿಗೂ ತಕ್ಕಂತೆ ಹಿಗ್ಗಿ ಕುಗ್ಗುವ ಅಳತೆಯಾಗಿದ್ದರಿಂದ ಹಳೆಯ ಪತ್ರದ ಕೂರಿಗೆಯನ್ನು ಎಕರೆಗೆ ಒಂದೇ ದರದಲ್ಲಿ ಪರಿವರ್ತಿಸುವುದು ಅಪಾಯಕಾರಿ.

ಈ ಮೋಜಣಿಯಿಂದ ಹುಟ್ಟಿದ ಕಾಗದಗಳನ್ನು ಒಂದೊಂದಾಗಿ ಅರಿಯುವುದು ಶೋಧಕನಿಗೆ ಅಗತ್ಯ. ಹೊಲದಲ್ಲಿ ನಿಂತು ಅಳತೆಗಾರ ಬರೆದುಕೊಂಡ ನಕ್ಷೆ ಹಾಗೂ ಅಂಕಿಗಳು ಟಿಪ್ಪಣಿ. ಅದನ್ನು ತಪಾಸಣೆ ಮಾಡಿ ಕಚೇರಿಯಲ್ಲಿ ಚೊಕ್ಕವಾಗಿ ಬರೆದದ್ದು ಪಕ್ಕಾ ಪುಸ್ತಕ. ಮಣ್ಣಿನ ಆಳ, ಬಣ್ಣ, ಉಸುಕು, ಇಳಿಜಾರುಗಳನ್ನು ನೋಡಿ 16 ಆಣೆಯಿಂದ ಕೆಳಕ್ಕೆ ದರ್ಜೆ ಕಟ್ಟಿದ್ದು ಪ್ರತಿ ಪುಸ್ತಕ. ಕೊನೆಗೆ ಪ್ರತಿ ನಂಬರಿನ ಕ್ಷೇತ್ರ, ಖರಾಬು ಮತ್ತು ಕಂದಾಯವನ್ನು ಊರಿಗೆ ಒಂದರಂತೆ ಪಟ್ಟಿ ಮಾಡಿದ್ದು ಆಕಾರಬಂದು. ಖರಾಬು ಎಂದರೆ ಹಳ್ಳ, ದಾರಿ, ಕಲ್ಲುಬಂಡೆಗಳಿಂದಾಗಿ ಸಾಗುವಳಿಗೆ ಬಾರದ ಭಾಗ. ಇವುಗಳಲ್ಲಿ ಮನುಷ್ಯನ ಗುರುತು ಕಡಿಮೆ, ನೆಲದ ಗುರುತು ಹೆಚ್ಚು; ಖಾತೆದಾರನೆಂದು ಒಬ್ಬನ ಹೆಸರು ಮಾತ್ರ, ಅದೂ ಕಂದಾಯ ಕಟ್ಟುವ ಹೊಣೆ ಯಾರದೆಂದು ತಿಳಿಯುವುದಕ್ಕಾಗಿ ಇರುತ್ತದೆ. ಆದರೂ ಮೂಲಶೋಧಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ. ಏಕೆಂದರೆ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತದೆ, ಅಡ್ಡಹೆಸರು ಗುಮಾಸ್ತನ ಕೈಯಲ್ಲಿ ಬದಲಾಗುತ್ತದೆ, ಸರ್ವೆ ನಂಬರಾದರೋ ಒಡೆದರೂ ತಾಯಿನಂಬರನ್ನು ಬಿಡುವುದಿಲ್ಲ. 45 ಎಂಬ ನಂಬರು 45/1, 45/2 ಆಗಿ, ಮುಂದೆ 45/2ಅ, 45/2ಬ ಎಂದು ಹಿಸ್ಸೆಯಾದರೂ ಎಲ್ಲ ತುಂಡುಗಳೂ 45ಕ್ಕೇ ಮರಳುತ್ತವೆ. ಒಕ್ಕಲು ಮನೆತನದ ಬೆನ್ನುಹತ್ತುವವರು ಹೆಸರಿನ ಬದಲು ಹೊಲದ ಬೆನ್ನುಹತ್ತಬೇಕೆಂಬುದೇ ಈ ಕೆಲಸದ ಮೊದಲ ಪಾಠ. ಅದನ್ನು ಕಡೆಗಣಿಸಿದ ವಂಶವೃಕ್ಷಗಳು ನೋಡಲು ಸೊಗಸಾಗಿದ್ದರೂ ಪರೀಕ್ಷೆಗೆ ನಿಲ್ಲುವುದಿಲ್ಲ.

ಹೋಲಿಕೆಗಾಗಿ ಅಮೆರಿಕದ ಒಕ್ಕಲು ಹಿರಿಯರ ದಾಖಲೆಗಳನ್ನು ಒಮ್ಮೆ ನೋಡಿದರೆ ಎರಡು ಪದ್ಧತಿಗಳ ಸ್ವಭಾವ ತಿಳಿಯಾಗುತ್ತದೆ. ಅಲ್ಲಿ 1785ರ ಭೂಕಾಯಿದೆಯ ಪ್ರಕಾರ ಸರ್ಕಾರಿ ನೆಲವನ್ನು 6 ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಒಂದೊಂದನ್ನು 640 ಎಕರೆಯ 36 ಭಾಗಗಳಾಗಿ 66 ಅಡಿಯ ಸರಪಳಿಯಿಂದ ಅಳೆದು ಮಾರಿದರು. ಇಲ್ಲಿಯ ಸರಪಳಿ ಅದರ ಸರಿಯರ್ಧ. ಅಲ್ಲಿಯ ರೈತ ಕ್ರಯಪತ್ರ, ಮರಣಪತ್ರ, ಚರ್ಚಿನ ದಫ್ತರ ಮತ್ತು 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಗಳಲ್ಲಿ ಕಾಣಸಿಗುತ್ತಾನಾದರೂ 1840ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರೊಂದೇ ಇರುತ್ತದೆ, ಉಳಿದವರು ಬರಿಯ ಸಂಖ್ಯೆ. ಈ ಒಂದು ಅಂಶದಲ್ಲಿ ಎರಡೂ ದೇಶಗಳ ದಾಖಲೆಗಳು ಸಮಾನ. ವ್ಯತ್ಯಾಸವಿರುವುದು ಮುಂದೆ: ಅಲ್ಲಿಯ ಗಣತಿಯ ಹಾಳೆಗಳು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ, ಭಾರತದ ಜನಗಣತಿಯ ವ್ಯಕ್ತಿವಾರು ವಿವರಗಳನ್ನು ನೋಡಲು 1948ರ ಕಾಯಿದೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಅಲ್ಲಿ ಜನಗಣತಿ ಮಾಡುವ ಕೆಲಸವನ್ನು ಇಲ್ಲಿ ಉತಾರಗಳು, ಅಂದರೆ ಹೊಲದ ಹಕ್ಕು ಮತ್ತು ಬೆಳೆಯ ದಾಖಲೆಗಳು, ಮಾಡಬೇಕಾಗಿದೆ.

ಅಮೆರಿಕದ ನಂಟು ಹುಬ್ಬಳ್ಳಿ ಸೀಮೆಗೆ ಇನ್ನೊಂದು ದಾರಿಯಿಂದಲೂ ಇದೆ. ಹತ್ತಿಯ ಬೇಸಾಯ ಕಲಿಸಲೆಂದು ಕಂಪನಿ ಸರ್ಕಾರ 1840ರಲ್ಲಿ ಅಮೆರಿಕದಿಂದ ಕರೆಸಿಕೊಂಡ ತೋಟಗಾರರಲ್ಲಿ ಮರ್ಸರ್ ಎಂಬವನು ಈ ಭಾಗದಲ್ಲಿ ಕೆಲಸ ಮಾಡಿದನು. ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಇಲ್ಲಿಯ ಮಣ್ಣಿಗೆ ಒಗ್ಗಿ ‘ಧಾರವಾಡ್–ಅಮೆರಿಕನ್’ ಎಂಬ ಹೆಸರು ಪಡೆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದಾದಾಗ ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಧಾರಣೆ ಬಂದಿತು, ಯುದ್ಧ ಮುಗಿದೊಡನೆ ಬಿದ್ದಿತು. ಅದರ ಬೆನ್ನಿಗೇ 1870ರ ದಶಕದಲ್ಲಿ ಮೊದಲ ಮೋಜಣಿಯ 30 ವರ್ಷಗಳ ಅವಧಿ ಮುಗಿದು ಹುಬ್ಬಳ್ಳಿ ತಾಲೂಕಿನ ಕಂದಾಯ ಪರಿಷ್ಕರಣೆಯಾಯಿತು; 1876–78ರಲ್ಲಿ ಧಾತು–ಈಶ್ವರ ಸಂವತ್ಸರಗಳ ಬರ ಬಂದಿತು. ಆದ್ದರಿಂದ ಈ ತಾಲೂಕಿನ ಯಾವುದೇ ಊರಿನ ಖಾತೆದಾರರ ಹೆಸರುಗಳನ್ನು 1844ರ ಮೊದಲ ಮೋಜಣಿ ಹಾಗೂ ಪರಿಷ್ಕೃತ ಮೋಜಣಿಗಳ ನಡುವೆ ಹೋಲಿಸುವವರು ಹತ್ತಿಯ ಹಣ, ಧಾರಣೆಯ ಕುಸಿತ, ಬರ ಈ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆಸರು ಬದಲಾಗಿದ್ದರೆ ಅದು ತಂದೆಯಿಂದ ಮಗನಿಗೆ ಬಂದದ್ದೆಂದು ಒಮ್ಮೆಲೇ ತೀರ್ಮಾನಿಸುವುದಕ್ಕಿಲ್ಲ, ಸಾಲಗಾರನಿಂದ ಸಾವುಕಾರನಿಗೆ ಹೋದದ್ದೂ ಇರಬಹುದು.

ಹೊಲವನ್ನು ನಿಜವಾಗಿ ಯಾರು ಅನುಭವಿಸುತ್ತಿದ್ದರು, ಯಾರ ಪಾಲು ಎಷ್ಟು, ಯಾರಿಂದ ಯಾರಿಗೆ ಹೇಗೆ ಬಂದಿತು ಎಂಬುದನ್ನು ಸರ್ಕಾರ ಮೊದಲ ಸಲ ಕ್ರಮವಾಗಿ ಬರೆಸಲು ತೊಡಗಿದ್ದು 1903ರ ಮುಂಬಯಿ ಹಕ್ಕುದಾಖಲೆ ಕಾಯಿದೆಯಿಂದ. 1913ರಲ್ಲಿ ಅದನ್ನು 1879ರ ಭೂಕಂದಾಯ ಸಂಹಿತೆಯೊಳಗೆ ಸೇರಿಸಿದರು. ಗ್ರಾಮ ನಮೂನೆ 6 ಹಕ್ಕುಗಳ ಬದಲಾವಣೆಯ ಪುಸ್ತಕವಾಯಿತು, 7 ಹಕ್ಕುಗಳ ಪುಸ್ತಕವಾಯಿತು, 12 ಬೆಳೆಯ ಪುಸ್ತಕವಾಯಿತು. 7 ಮತ್ತು 12 ಒಂದೇ ಹಾಳೆಯಲ್ಲಿ ಸಿಗುತ್ತಿದ್ದುದರಿಂದ ‘ಸಾತ್‌ಬಾರಾ ಉತಾರ’ ಎಂಬ ಹೆಸರು ಬಂದು, ಮೈಸೂರು ಸೀಮೆಯವರು ಪಹಣಿ ಎನ್ನುವುದನ್ನು ಧಾರವಾಡದವರು ಇಂದಿಗೂ ಉತಾರವೆಂದೇ ಕರೆಯುತ್ತಾರೆ. ವಂಶಾವಳಿಗೆ ಇವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ನಮೂನೆ 6. ಖಾತೆದಾರ ತೀರಿಕೊಂಡಾಗ ವಾರಸುದಾರರು ಕೊಡುವ ವಾರಸಾ ವರ್ದಿ ಇದರಲ್ಲಿ ದಾಖಲಾಗುವುದರಿಂದ ಸತ್ತವನ ಹೆಸರು, ಸತ್ತ ಕಾಲ, ಮಕ್ಕಳ ಹೆಸರು ಮತ್ತು ವಯಸ್ಸು, ಕೆಲವೊಮ್ಮೆ ಹೆಂಡತಿಯ ಹೆಸರೂ ಒಂದೇ ಕಡೆ ಬರುತ್ತವೆ.

ಇಂಥ ದಾಖಲೆಯ ಒಂದು ಸಾಲನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಉದಾಹರಣೆಗಾಗಿ ಕಲ್ಪಿಸಿಕೊಂಡ ಹೆಸರುಗಳಲ್ಲಿ ಹೇಳುವುದಾದರೆ, ‘ಈರಪ್ಪ ಬಿನ್ ಬಸಪ್ಪ, ಏ.ಕು.ಮ್ಯಾ.’ ಎಂದಿದ್ದರೆ ಬಸಪ್ಪನ ಮಗ ಈರಪ್ಪ ಏಕತ್ರ ಕುಟುಂಬದ ಮ್ಯಾನೇಜರನಾಗಿ ಖಾತೆದಾರನಾಗಿದ್ದಾನೆಂದು ಅರ್ಥ. ಅವನಿಗೆ ತಮ್ಮಂದಿರಿದ್ದಾರೆ, ಅವರಿಗೂ ಆ ಹೊಲದಲ್ಲಿ ಪಾಲಿದೆ, ಆದರೆ ವಾಟ್ನಿ ಆಗುವವರೆಗೆ, ಅಂದರೆ ಆಸ್ತಿ ಪಾಲಾಗುವವರೆಗೆ, ಅವರ ಹೆಸರು ಕಾಣುವುದಿಲ್ಲ. ‘ಗಂಗವ್ವ ಕೋಂ ಈರಪ್ಪ’ ಎಂದರೆ ಈರಪ್ಪನ ಹೆಂಡತಿ ಗಂಗವ್ವ. ಈ ಹೆಸರು ಬಂದಿದೆಯೆಂದರೆ ಸಾಮಾನ್ಯವಾಗಿ ಈರಪ್ಪ ತೀರಿಕೊಂಡಿದ್ದಾನೆ. ‘ಬಸಪ್ಪ ಬಿನ್ ಈರಪ್ಪ, ಅ.ಪಾ.ಕ. ತಾಯಿ ಗಂಗವ್ವ’ ಎಂದಿದ್ದರೆ ಮಗ ಇನ್ನೂ ಅಪ್ರಾಪ್ತ, ತಾಯಿ ಪಾಲನಕರ್ತಳು. ಗಮನಿಸಬೇಕಾದದ್ದೆಂದರೆ ಈ ಚಿಕ್ಕ ಬಸಪ್ಪ ಬಿನ್ ಈರಪ್ಪನೂ ಅವನ ಅಜ್ಜನೂ ದಾಖಲೆಯಲ್ಲಿ ಒಂದೇ ಹೆಸರಿನವರಾಗಿರಬಹುದು. ಇವರನ್ನು ಬೇರೆ ಮಾಡುವುದು ಹೊಲದ ನಂಬರು, ಆಕಾರದ ಮೊತ್ತ ಹಾಗೂ ವರ್ದಿಯ ದಿನಾಂಕ ಮಾತ್ರ. ದತ್ತಕದ ಪ್ರಕರಣವಂತೂ ಇನ್ನೂ ಸೂಕ್ಷ್ಮ: ಮಕ್ಕಳಿಲ್ಲದ ವಿಧವೆ ಗಂಡನ ಹೆಸರಿನಲ್ಲಿ ದತ್ತಕ ತೆಗೆದುಕೊಂಡಾಗ ಹುಡುಗನ ‘ಬಿನ್’ ಬದಲಾಗುತ್ತದೆ, ಅವನು ಹುಟ್ಟಿದ ಮನೆಯ ಸುಳಿವು ದತ್ತಕಪತ್ರದಲ್ಲಿ ಮಾತ್ರ ಉಳಿಯುತ್ತದೆ. ಮಗಳನ್ನು ಕೊಟ್ಟು ಅಳಿಯನನ್ನು ಮನೆಯಲ್ಲಿಟ್ಟುಕೊಂಡ ಮನೆತನಗಳಲ್ಲಿ ಹೊಲ ಅದೇ ಇದ್ದು ಅಡ್ಡಹೆಸರು ಬೇರೆಯಾಗುತ್ತದೆ. ಭೂದಾಖಲೆಯನ್ನಷ್ಟೇ ನೋಡಿದವರು ಇದನ್ನು ಮಾರಾಟವೆಂದು ಭ್ರಮಿಸುವುದುಂಟು.

ಉತಾರದ ಇತರ ಹಕ್ಕುಗಳ ಕಾಲಮ್ಮಿನಲ್ಲಿ ಬರುವ ಬೋಜಾ, ಅಂದರೆ ಸಾಲದ ಭಾರ, ಕೂಡ ಸುಳಿವು ಕೊಡುತ್ತದೆ. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಕೃಷಿಪತ್ತಿನ ಸಂಘ ಹುಟ್ಟಿದ ಸೀಮೆಯಿದು. ಸೊಸೈಟಿಯ ಸಾಲಕ್ಕೆ ಯಾರು ಜಾಮೀನು ನಿಂತರೆಂಬುದರಿಂದ ಬೀಗರು, ದಾಯಾದಿಗಳ ನಂಟು ಎಷ್ಟೋ ವೇಳೆ ಹೊರಬೀಳುತ್ತದೆ.

ಇನ್ನು ಹೆಳವರ ವಿಚಾರ. ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುವುದನ್ನೇ ಕುಲವೃತ್ತಿಯಾಗಿ ಮಾಡಿಕೊಂಡ ಈ ಸಮುದಾಯದವರು ಸುಗ್ಗಿಯ ನಂತರ ಎತ್ತಿನೊಡನೆ ಊರಿಗೆ ಬಂದು, ತಮಗೆ ಪಾಲಾಗಿ ಬಂದ ಮನೆಗಳ ಮುಂದೆ ಗಂಟೆ ಬಾರಿಸಿ, ಆ ಮನೆಯ ಹಿರಿಯರ ಹೆಸರುಗಳನ್ನು ಮೂಲಪುರುಷನಿಂದ ಹಿಡಿದು ಕೂಸಿನವರೆಗೆ ಹೊಗಳಿ ಹೇಳಿ ಕಾಳು, ಬಟ್ಟೆ, ಹಣ ಪಡೆಯುತ್ತಾರೆ. ಕಾಲಿಲ್ಲದ ಹಿರಿಯನೊಬ್ಬನಿಗೆ ಬಸವಣ್ಣನವರು ಎತ್ತನ್ನು ಕೊಟ್ಟು ಈ ಕಾಯಕವನ್ನು ಒಪ್ಪಿಸಿದರೆಂಬುದು ಅವರಲ್ಲಿರುವ ಐತಿಹ್ಯ. ಮನೆತನದ ಬೆಡಗು, ಮನೆದೇವರು, ಮೂಲದ ಊರು, ಅಲ್ಲಿಂದ ಎದ್ದುಬಂದ ಕಾರಣ, ಅಣ್ಣತಮ್ಮಂದಿರು ಬೇರೆಯಾಗಿ ಹೋದ ಊರುಗಳು, ಇಷ್ಟನ್ನೂ ಅವರ ಹೊತ್ತಿಗೆಗಳು ಹೇಳುತ್ತವೆ; ಯಾವ ಸರ್ಕಾರಿ ದಫ್ತರದಲ್ಲೂ ಇದು ಸಿಗುವುದಿಲ್ಲ. ಅದರಲ್ಲೂ ವಲಸೆಯ ವಿವರ ಅಮೂಲ್ಯ. 1790–91ರಲ್ಲಿ ಪರಶುರಾಮಭಾವು ಪಟವರ್ಧನನ ಸೈನ್ಯ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದರಿಂದಲೂ ಅದರ ಹಿಂದೆಯೇ ಬಂದ ಡೋಗಿ ಬರದಿಂದಲೂ ಈ ಸುತ್ತಿನ ಬದುಕು ಅಲ್ಲೋಲಕಲ್ಲೋಲವಾಯಿತು. ಹೆಳವರ ಬಾಯಲ್ಲಿ ದಂಡು ಬಂದ ಕಾಲ, ಬರ ಬಿದ್ದ ಕಾಲ ಎಂದಷ್ಟೇ ಬರುವ ಮಾತನ್ನು ಇಂಥ ಘಟನೆಗಳೊಡನೆ ತಾಳೆ ನೋಡಬಹುದು, ಆದರೆ ದಂಡುಗಳು ಹಲವು, ಬರಗಳೂ ಹಲವು ಎಂಬುದನ್ನು ಮರೆಯಬಾರದು.

ಹೆಳವರ ಮಾತನ್ನು ಪೂರ್ತಿ ನಂಬುವುದೂ ಪೂರ್ತಿ ತಳ್ಳಿಹಾಕುವುದೂ ಸಮನಾದ ತಪ್ಪುಗಳು. ದಾನ ಕೊಡುವ ಮನೆಯ ಮುಂದೆ ನಿಂತು ಹೇಳುವ ವಂಶಾವಳಿಯಲ್ಲಿ ಹಿರಿಯರ ಪರಾಕ್ರಮ ಹಿಗ್ಗುವುದು ಸಹಜ. ಹೆಚ್ಚಾಗಿ ಗಂಡುಸಂತಾನದ ಸಾಲೇ ಇರುತ್ತದೆ. ಸಂತಾನವಿಲ್ಲದೆ ಹೋದ ಕವಲುಗಳು ಬೇಗ ಮರೆಯಾಗುತ್ತವೆ. ಆದರೆ ಹತ್ತಿರದ ನಾಲ್ಕೈದು ತಲೆಮಾರುಗಳ ಹೆಸರುಗಳನ್ನು ಸುಳ್ಳಾಗಿ ಹೇಳಿ ಹೆಳವನು ಅದೇ ಊರಿನ ದಾಯಾದಿಗಳ ಮುಂದೆ ದಕ್ಕಿಸಿಕೊಳ್ಳಲಾರ. ವಂಶದ ಸಂಬಂಧವನ್ನು ಬಲ್ಲವರು ವ್ಯಾಜ್ಯ ಹುಟ್ಟುವ ಮೊದಲೇ ಹೇಳಿದ ಅಥವಾ ಬರೆದಿಟ್ಟ ಮಾತು ಸಾಕ್ಷ್ಯವಾಗಬಲ್ಲದೆಂದು 1872ರ ಸಾಕ್ಷ್ಯ ಅಧಿನಿಯಮದ 32ನೆಯ ಕಲಮು ಒಪ್ಪಿಕೊಂಡದ್ದು ಇದೇ ಬಗೆಯ ವಿವೇಕದಿಂದ.

ಎರಡು ಬರಹಗಳು ಕೂಡುವ ಬಿಂದು ಸಾಮಾನ್ಯವಾಗಿ 1910ರಿಂದ 1930ರ ನಡುವಣ ಒಂದು ವಾರಸಾ ವರ್ದಿಯಲ್ಲಿರುತ್ತದೆ. ಅಲ್ಲಿ ತೀರಿಕೊಂಡವನೆಂದು ಬರುವ ಖಾತೆದಾರನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದವನು. ಅವನ ತಂದೆಯ ಹೆಸರು ‘ಬಿನ್’ ಮೂಲಕ ಸಿಗುತ್ತದೆ. ಆ ತಂದೆ 1870ರ ದಶಕದ ಪರಿಷ್ಕೃತ ಮೋಜಣಿಯಲ್ಲಿ ಅದೇ ನಂಬರಿನ ಖಾತೆದಾರನಾಗಿ ಕಂಡರೆ, ಮತ್ತು ಹೆಳವರ ಸಾಲಿನಲ್ಲಿ ಆ ಎರಡು ಹೆಸರುಗಳು ಅದೇ ಕ್ರಮದಲ್ಲಿ ಬಂದರೆ, ಕೊಂಡಿ ಗಟ್ಟಿಯಾಯಿತು. ಅಲ್ಲಿಂದ 1844ರ ಮೊದಲ ಮೋಜಣಿಗೆ ಒಂದೇ ಹೆಜ್ಜೆ. ಇನ್ನೂ ಹಿಂದಕ್ಕೆ, ಮನೆತನ ವತನದಾರರದ್ದಾಗಿದ್ದರೆ ಮಾತ್ರ ದಾರಿಯಿದೆ. ಗೌಡಕಿ, ಕುಲಕರ್ಣಿಕಿ, ತಳವಾರಿಕೆಗಳಿಗೆ ಬಿಟ್ಟ ಇನಾಮು ಭೂಮಿಗಳ ಹಕ್ಕನ್ನು ಸರ್ಕಾರ 1843ರಿಂದ ಈ ಸೀಮೆಯಲ್ಲಿ ವಿಚಾರಣೆ ಮಾಡಿತು, 1852ರ ಕಾಯಿದೆಯಿಂದ ಅದು ಇನಾಮು ಕಮಿಷನ್ನಾಗಿ ಗಟ್ಟಿಯಾಯಿತು. ಇನಾಮುದಾರರು ತಮ್ಮ ಹಕ್ಕನ್ನು ಸಾಧಿಸಲು ಹಾಜರುಪಡಿಸಿದ ಸನದುಗಳು, ವಂಶಾವಳಿಗಳು ಪುಣೆಯ ಪೇಶ್ವೆ ದಫ್ತರದ ಕಾಗದಗಳೊಡನೆ ತಾಳೆಯಾದವು. ಹೀಗೆ ಗೌಡರ ಮನೆತನ 18ನೆಯ ಶತಮಾನದವರೆಗೆ ಹೋಗಬಲ್ಲದು. ಅವರ ಪಕ್ಕದ ಹೊಲದ ಸಾಮಾನ್ಯ ಒಕ್ಕಲಿನ ಮನೆತನ ಮೋಜಣಿಯ ಬಾಂದುಗಲ್ಲಿನ ಹತ್ತಿರ ನಿಂತುಬಿಡುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮತ್ತರುಗಳ ಲೆಕ್ಕದಲ್ಲಿ ನೆಲ ದಾನವಾದದ್ದೂ ಗಾವುಂಡರ ಹೆಸರುಗಳೂ ಈ ಸುತ್ತಿನಲ್ಲಿ ಹೇರಳವಾಗಿ ಸಿಗುತ್ತವೆಂಬುದು ನಿಜ, ಆದರೆ 12ನೆಯ ಶತಮಾನದ ಗಾವುಂಡನನ್ನು 19ನೆಯ ಶತಮಾನದ ಗೌಡನ ಮೂಲಪುರುಷನೆಂದು ಕರೆಯುವುದು ಅಭಿಮಾನದ ಮಾತಾದೀತೇ ಹೊರತು ಸಂಶೋಧನೆಯಾಗದು.

ಅಡ್ಡಹೆಸರಿನ ಬಗ್ಗೆ ಒಂದು ಎಚ್ಚರ ಅಗತ್ಯ. ‘ತಾರಿಹಾಳ’ ಎಂಬ ಅಡ್ಡಹೆಸರಿನವರನ್ನು ತಾರಿಹಾಳದಲ್ಲಿ ಹುಡುಕುವುದು ಬಹುತೇಕ ವ್ಯರ್ಥ. ಊರಿನಲ್ಲೇ ಇದ್ದವರಿಗೆ ಆ ಊರ ಹೆಸರು ಅಂಟುವುದಿಲ್ಲ, ಬೇರೆ ಕಡೆಗೆ ಹೋಗಿ ನೆಲೆಸಿದವರನ್ನೇ ಅಲ್ಲಿಯ ಜನ ಹಾಗೆ ಕರೆದಿರುತ್ತಾರೆ. ಅಂಥ ಮನೆತನ ಹೊರಡುವ ಮುನ್ನ ಊರಲ್ಲಿ ಬೇರೆ ಹೆಸರಿನಿಂದಲೇ ದಾಖಲಾಗಿರುತ್ತದೆ.

ದಾಖಲೆಯನ್ನು ಬರೆಯುವ ಕೈಗಳೂ ಬದಲಾದವು. ಕುಲಕರ್ಣಿ ವತನಗಳು 1951ರಲ್ಲಿ ರದ್ದಾಗಿ ಸಂಬಳದ ತಲಾಠಿಗಳು ಬಂದರು. ಉಳಿದ ಗ್ರಾಮ ಹುದ್ದೆಗಳು 1961ರ ಕಾಯಿದೆಯಡಿ 1963ರಲ್ಲಿ ಕೊನೆಗೊಂಡವು. 1964ರ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ನಮೂನೆ ತಂದಿತು. ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯಂತೆ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿಗಳು (ಇದು ಉತಾರದ ಗ್ರಾಮ ನಮೂನೆ 7 ಅಲ್ಲ) ಈ ಶೋಧದಲ್ಲಿ ವಿಶೇಷ ಸ್ಥಾನ ಪಡೆಯಬೇಕು. ಅಲ್ಲಿಯವರೆಗೆ ಹೆಸರೇ ಇಲ್ಲದೆ, ಅಥವಾ ಬೆಳೆಯ ಕಾಲಮ್ಮಿನಲ್ಲಿ ಮಾತ್ರ ಕಾಣಿಸಿಕೊಂಡು, ತಲೆಮಾರುಗಳಿಂದ ಪರರ ಹೊಲ ಉಳುತ್ತಿದ್ದ ಕುಟುಂಬಗಳು ಭೂನ್ಯಾಯಮಂಡಳಿಯ ಮುಂದೆ ತಂದೆ ಅಜ್ಜಂದಿರ ಸಾಗುವಳಿಯನ್ನು ಹೇಳಿಕೆಯಾಗಿ ಬರೆಸಿದವು. ಮೋಜಣಿಯ ಕಾಲದಿಂದಲೂ ಆ ಹೊಲದಲ್ಲೇ ಇದ್ದ ಒಕ್ಕಲು ಇವರೇ ಆಗಿರಬಹುದು, ಖಾತೆದಾರ ಹುಬ್ಬಳ್ಳಿಯ ಪೇಟೆಯಲ್ಲಿದ್ದಿರಬಹುದು.

ತಾರಿಹಾಳದ ಮಟ್ಟಿಗೆ ಈ ಸರಣಿಯ ತೀರ ಈಚಿನ ಕಾಗದವೆಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿಗಾಗಿ ಭೂಮಿ ತೆಗೆದುಕೊಂಡಾಗಿನದು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ಕಲಮಿನಡಿ ಹೊರಡುವ ಅಧಿಸೂಚನೆಗಳಲ್ಲಿ ಸರ್ವೆ ನಂಬರು, ಕ್ಷೇತ್ರ, ಖಾತೆದಾರರ ಹೆಸರುಗಳು ಅಚ್ಚಾಗುತ್ತವೆ; ಅದರ ನಂತರ ನೆಲಕ್ಕೆ ಪ್ಲಾಟ್ ನಂಬರು ಬರುತ್ತದೆ, ಸರ್ವೆ ನಂಬರಿನ ಉತಾರದಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರು ಬರುತ್ತದೆ. ಪರಿಹಾರದ ಹಂಚಿಕೆಗಾಗಿ ಸಲ್ಲಿಸುವ ವಂಶವೃಕ್ಷದಲ್ಲಿ ಕೊಟ್ಟುಹಾಕಿದ ಹೆಣ್ಣುಮಕ್ಕಳ ಹೆಸರುಗಳೂ ಬರಬೇಕಾದ್ದರಿಂದ, ಒಂದೂವರೆ ಶತಮಾನ ‘ಕೋಂ’ ಮತ್ತು ‘ಅ.ಪಾ.ಕ.’ಗಳ ಮರೆಯಲ್ಲಿದ್ದವರು ಹೊಲ ಕೈಬಿಡುವ ಹೊತ್ತಿಗೆ ಪೂರ್ಣ ಹೆಸರಿನಿಂದ ದಾಖಲಾಗುತ್ತಾರೆ.

2000ದ ಸುಮಾರಿಗೆ ಭೂಮಿ ಯೋಜನೆಯಿಂದ ಉತಾರಗಳು ಗಣಕಕ್ಕೆ ಬಂದವು, ಈಚೆಗೆ ಭೂಸುರಕ್ಷಾ ಯೋಜನೆಯಡಿ ತಹಶೀಲ್ದಾರ ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಗಣಕದ ಉತಾರದಲ್ಲಿ ಸಿಗುವುದು ಇಂದಿನ ಹಕ್ಕುದಾರ. ಹಿರಿಯನಿರುವುದು ಕೈಬರಹದ ನಮೂನೆ 6ರಲ್ಲಿ, ಮೋಜಣಿಯ ಪಕ್ಕಾ ಪುಸ್ತಕದಲ್ಲಿ. ಕುಲಕರ್ಣಿ ಮನೆತನಗಳ ಅಟ್ಟದಲ್ಲಿ ಉಳಿದ ಮೋಡಿ ದಫ್ತರಗಳು ಮತ್ತು ಹೆಳವರ ಹೊತ್ತಿಗೆಗಳು ಸರ್ಕಾರದ ಕಡತಗಳಲ್ಲದ್ದರಿಂದ ಈ ಸ್ಕ್ಯಾನಿಂಗ್ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಪ್ರತಿ ತೆಗೆಯುವ ಕೆಲಸ ಮನೆತನಗಳಿಗೂ ವಿಶ್ವವಿದ್ಯಾಲಯಗಳಿಗೂ ಬಿಟ್ಟದ್ದಾಗಿದೆ.